ಮೇಸ್ತ್ರಿ ಹೊಡೆದ ಮೂರು ಏಟು

ಶಿವಮೊಗ್ಗದ ವಿನೋಬನಗರದಲ್ಲಿರುವ ನಮ್ಮ ಕಂಪ್ಯೂಟರ್ ಅಂಗಡಿಗೆ ಮೇಸ್ತ್ರಿ ಬಂದಾಗ ಅವರಿಗೆ ಅರವತ್ತು ದಾಟಿತ್ತು, ನನಗಿನ್ನೂ ನಲವತ್ತಾಗಿರಲಿಲ್ಲ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಮೌಸ್ ಹಿಡಿಯಲು ಬಾರದು. ಸ್ಕ್ರೀನಿನ ಮೇಲೆ ಏನು ಬಂದರೂ ಅದರ ಗೋಜಿಗೆ ಹೋಗುತ್ತಿರಲಿಲ್ಲ. ಆದರೆ ತಗಡು, ಸ್ಕ್ರೂ, ಆಂಗಲ್ ಅಂದರೆ ಅವರ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಪೆನ್ಷನ್ ಬರುತ್ತೆ ಸಾರ್, ಊಟಕ್ಕೇನೂ ತೊಂದ್ರೆ ಇಲ್ಲ. ಮನೇಲಿ ಕೂತ್ರೆ ಕೈ ಸುಮ್ನಿರಲ್ಲ ನೋಡಿ. ಈ ವಯಸ್ಸಲ್ಲಿ ನನ್ ಕೈ ಬೇಕು ಅಂದೋರು ನೀವೊಬ್ರೇ," ಎಂದು ಸೇರಿದ ವಾರವೇ ಹೇಳಿದ್ದರು. ಭದ್ರಾವತಿಯಿಂದ ಬೆಳಗಿನ ಬಸ್ಸಿಗೆ ಬಂದು, ನಾನು ಶಟರ್ ಎತ್ತುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು.

ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಸುತ್ತಿಬಳಸಿ ಬರೆಯುವುದರಲ್ಲಿ ಅರ್ಥವಿಲ್ಲ. ಅಂಗಡಿ ನನ್ನದು, ಓದಿದವನು ನಾನು, ಗಿರಾಕಿಗಳು ಮಾತ್ರ "ಆ ಮೇಸ್ತ್ರಿ ಕೈಲೇ ಮಾಡ್ಸಿ" ಅನ್ನುತ್ತಿದ್ದರು. ಹಾಗಾಗಿ ಅಂಗಡಿ ತುಂಬ ಜನ ಇರುವ ಹೊತ್ತು ನೋಡಿಕೊಂಡು, "ಏನ್ ಮೇಸ್ತ್ರಿ, ಇವತ್ತಾದ್ರೂ ಕಂಪ್ಯೂಟರ್ ಆನ್ ಮಾಡೋದು ಕಲ್ತ್ರಾ?" ಎಂದು ಕುಟುಕುತ್ತಿದ್ದೆ. ಅವರು ಎಲ್ಲರ ಜೊತೆ ಸೇರಿ ನಕ್ಕುಬಿಡುತ್ತಿದ್ದರು. ಆ ನಗುವಿಗೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಅವರದೊಂದು ಅಭ್ಯಾಸವಿತ್ತು. ಯಾವುದೇ ಕೆಲಸ ಮುಗಿದ ಮೇಲೆ, ಮೊನೆಯುಳ್ಳ ಒಂದು ಗೇಣುದ್ದದ ಉಕ್ಕಿನ ಪಂಚ್ ತೆಗೆದು, ತಾವು ಮಾಡಿದ ತಗಡಿನ ಮೂಲೆಯಲ್ಲಿ ಸುತ್ತಿಗೆಯಿಂದ ಮೂರು ಚುಕ್ಕಿ ಹೊಡೆಯುತ್ತಿದ್ದರು. ಕೆಳಗೆ ಎರಡು, ಮೇಲೆ ಒಂದು. ಕಾರ್ಖಾನೆಯಲ್ಲಿ ಪ್ರತಿಯೊಬ್ಬ ಫಿಟ್ಟರಿಗೂ ಹೀಗೆ ಒಂದು ಗುರುತು ಇರುತ್ತಿತ್ತಂತೆ. "ನಾಳೆ ಏನಾದ್ರೂ ಕೆಟ್ರೆ ಯಾರನ್ನ ಕೇಳ್ಬೇಕು ಅಂತ ಗೊತ್ತಾಗ್ಬೇಕಲ್ಲ ಸಾರ್," ಅನ್ನುತ್ತಿದ್ದರು. ಕಂಪ್ಯೂಟರಿನ ಹತ್ತಿರ ಸುತ್ತಿಗೆ ಆಡಿಸಬಾರದು ಎಂದು ಒಂದೆರಡು ಸಲ ಹೇಳಿದ್ದೆ. ಹಾಗಾಗಿ ಮಿಷಿನ್ ಆಫ್ ಇರುವಾಗ ಮಾತ್ರ ಹೊಡೆಯುತ್ತಿದ್ದರು, ಅದೂ ನನ್ನನ್ನು ಕೇಳಿ.

ಭದ್ರಾವತಿಯಲ್ಲಿ ಕೇಬಲ್ ಟೀವಿ ನಡೆಸುತ್ತಿದ್ದವರೊಬ್ಬರು ತಮ್ಮ ಲೋಕಲ್ ಚಾನೆಲ್ಲಿಗೆ ಹೊಸ ರ್‍ಯಾಕ್ ತಂದರು. ಬಾಗಿಲಿಲ್ಲದ ಕಬ್ಬಿಣದ ಬೀರುವಿನಂಥದ್ದು. ಮಿಷಿನ್‌ಗಳನ್ನು ಡ್ರಾಯರ್‌ನಂತೆ ಒಂದರ ಮೇಲೊಂದು ಒಳಕ್ಕೆ ತಳ್ಳಬೇಕು. ತಮ್ಮ ಹಳೆಯ ಡೆಸ್ಕ್‌ಟಾಪಿನ ಒಳಗಿರುವುದನ್ನೆಲ್ಲ ಬಿಚ್ಚಿ, ರ್‍ಯಾಕಿಗೆ ಹೊಂದುವ ಚಪ್ಪಟೆ ಕೇಸಿಗೆ ಕೂರಿಸಿಕೊಡಿ ಅಂದರು. ಹಾರ್ಡ್ ಡಿಸ್ಕಿನಲ್ಲಿ ಹದಿನೈದು ವರ್ಷ ಊರಿನಲ್ಲಿ ಶೂಟ್ ಮಾಡಿದ್ದೆಲ್ಲ ಇತ್ತು: ಶಾಲೆಯ ವಾರ್ಷಿಕೋತ್ಸವ, ಕಬಡ್ಡಿ, ಮದುವೆ, ಕೆಲಸ ಬಿಡುವ ದಿನ ಕಾರ್ಖಾನೆಯ ಗೇಟಿನ ಮುಂದೆ ಸಾಲಾಗಿ ನಿಂತ ಕಾರ್ಮಿಕರು. "ಮೊದ್ಲು ಅದನ್ನ ಕಾಪಿ ಮಾಡಿಟ್ಬಿಡಿ," ಅಂದಿದ್ದರು. "ಫಿಟ್ಟಿಂಗ್ ಆಗ್ಲಿ, ಆಮೇಲೆ ಮಾಡಿದ್ರಾಯ್ತು," ಅಂದವನು ನಾನು.

ಕೆಲಸ ಸಲೀಸಾಗಿರಲಿಲ್ಲ. ಪ್ರೊಸೆಸರಿನ ಮೇಲಿನ ಫ್ಯಾನ್ ಅರ್ಧ ಇಂಚು ಎತ್ತರವಾಗಿ ಮುಚ್ಚಳ ಕೂರಲಿಲ್ಲ, ಗಿಡ್ಡದು ಹುಡುಕಿ ಹಾಕಿದೆ. ಪವರ್ ಸಪ್ಲೈನ ತೂತುಗಳು ಕೇಸಿನ ತೂತುಗಳಿಗೆ ಹೊಂದಲಿಲ್ಲ. ಡಿಸ್ಕ್ ಇಡುವ ಜಾಗಕ್ಕೆ ಮದರ್‌ಬೋರ್ಡಿನ ಅಂಚು ಅಡ್ಡ ಬಂತು. ನಾನು ಬೈದುಕೊಳ್ಳುತ್ತ ಕೂತಿದ್ದಾಗ ಮೇಸ್ತ್ರಿ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿ, ತಗಡು ಕತ್ತರಿಸಿ, ಮಡಿಸಿ, ಅಂಚುಗಳಿಗೆ ಅರ ಹಾಕಿ, ಡಿಸ್ಕಿಗೊಂದು ಪಟ್ಟಿ ಮಾಡಿಕೊಟ್ಟರು. ಅದು ಕೇಸಿನ ಜೊತೆಯಲ್ಲೇ ಹುಟ್ಟಿದ ಹಾಗೆ ಕೂತಿತು. ಅಂಗಡಿಯಲ್ಲೇ ಸ್ಟೂಲಿನ ಮೇಲೆ ಕೂತಿದ್ದ ಕೇಬಲ್ಲಿನವರು, "ನಮ್ಮೂರ್ ಕೈ ಅಂದ್ರೆ ಇದು ಮಾರಾಯ್ರೆ!" ಎಂದು ಮೇಸ್ತ್ರಿಯ ಬೆನ್ನು ತಟ್ಟಿದರು. ನನಗೆ ಒಂದು ಒಳ್ಳೆ ಮಾತು ಬರಲಿಲ್ಲ.

ಅವರಿಬ್ಬರೂ ಟೀ ಕುಡಿಯಲು ಎದುರಿನ ಅಂಗಡಿಗೆ ಹೋದರು. ಅದೇ ಉರಿಯಲ್ಲಿ ನಾನು ಡಿಸ್ಕನ್ನು ಕೈಗೆತ್ತಿಕೊಂಡೆ. ಜಾರಿತು. ಟೇಬಲ್ಲಿನ ಎತ್ತರದಿಂದ ಗ್ರಾನೈಟ್ ನೆಲಕ್ಕೆ ಮೂಲೆ ಊರಿ ಬಿತ್ತು. ಎತ್ತಿ ಒರೆಸಿ, ಮೇಸ್ತ್ರಿ ಮಾಡಿದ ಪಟ್ಟಿಗೆ ಸ್ಕ್ರೂ ಬಿಗಿದು, ಮಿಷಿನ್ ಆನ್ ಮಾಡಿದೆ. ಒಳಗಿಂದ ಟಿಕ್, ಟಿಕ್ ಎಂದು ಬರತೊಡಗಿತು. ಈ ಕಸುಬಿನಲ್ಲಿರುವವರಿಗೆ ಆ ಸದ್ದು ಗೊತ್ತು. ಡಿಸ್ಕ್ ಹೋಗಿತ್ತು.

ಅಷ್ಟರಲ್ಲಿ ಇಬ್ಬರೂ ಮಾತಾಡಿಕೊಂಡು ಒಳಗೆ ಬಂದರು. ಮೇಸ್ತ್ರಿ ಕೈ ಒರೆಸಿಕೊಂಡು ಪಂಚ್ ತೆಗೆದರು. ಅಂಗಡಿಯಲ್ಲಿ ಇನ್ನೂ ಏಳೆಂಟು ಮಿಷಿನ್‌ಗಳು ಗುಂಯ್‌ಗುಡುತ್ತಿದ್ದವು; ಇದೂ ಆನ್ ಆಗಿದೆಯೆಂದು ಅವರಿಗೆ ತಿಳಿಯುವಂತಿರಲಿಲ್ಲ. "ಗುರ್ತು ಹಾಕ್ಲಾ ಸಾರ್?" ಅಂದರು. ಬೇಡ ಅನ್ನಲು ಬೇಕಾದಷ್ಟು ಹೊತ್ತಿತ್ತು. ನಾನು ಸುತ್ತಿಗೆಯನ್ನು ನೋಡಿದೆ, ಸ್ಟೂಲಿನ ಮೇಲೆ ಕೂತವರನ್ನು ನೋಡಿದೆ, "ಹೂಂ, ಹಾಕಿ," ಅಂದೆ. ಮೇಸ್ತ್ರಿ ಮೂರು ಏಟು ಹೊಡೆದರು.

ಮೂರನೆಯದು ಬೀಳುತ್ತಿದ್ದಂತೆ ನಾನು ಕಿರುಚಿದೆ. "ಅಯ್ಯೋ, ಓಡ್ತಿರೋ ಮಿಷಿನ್‌ಗೆ ಸುತ್ತಿಗೇಲಿ ಹೊಡೀತೀರಲ್ರೀ! ತಲೆ ನೆಟ್ಟಗಿದೆಯಾ?"

"ನಿಮ್ಮನ್ನ ಕೇಳಿದ್ನಲ್ಲ ಸಾರ್..."

"ನನಗೇನ್ ಗೊತ್ತು? ಆಫ್ ಮಾಡ್ಕೊಂಡಿರ್ತೀರಿ ಅಂದ್ಕೊಂಡೆ! ಇದೇನು ನಿಮ್ ಫ್ಯಾಕ್ಟರಿ ಕಬ್ಬಿಣ ಅಂದ್ಕೊಂಡ್ರಾ?"

ಕೇಬಲ್ಲಿನವರು ಎದ್ದು ಬಂದು ಕೇಸಿಗೆ ಕಿವಿ ಇಟ್ಟರು. ಅವರಿಗೂ ಸದ್ದು ಕೇಳಿಸಿತು. ಅವರು ಬೈಯಲಿಲ್ಲ. ಮೇಸ್ತ್ರಿಯ ಮುಖವನ್ನೇ ನೋಡುತ್ತ, "ಹದಿನೈದು ವರ್ಷದ್ದು. ನಮ್ಮೂರಿನೋರೇ ಆಗಿ ಹಿಂಗ್ ಮಾಡಿದ್ರಲ್ಲ," ಅಂದರು. "ಗುರ್ತು ನಂದೇ. ಇಲ್ಲ ಅನ್ನಲ್ಲ," ಎಂದಷ್ಟೇ ಹೇಳಿ ಮೇಸ್ತ್ರಿ ತಲೆ ತಗ್ಗಿಸಿದರು. ನಾಳೆಯಿಂದ ಬರುವುದು ಬೇಡ ಎಂದು ಕೇಬಲ್ಲಿನವರೆದುರೇ ನಾನು ಮೇಸ್ತ್ರಿಗೆ ಹೇಳಿದೆ. ಹಾಗೆ ಹೇಳುವಾಗ ಒಳಗೆಲ್ಲೋ ಹಿತವಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಡಿಸ್ಕನ್ನು ರಿಪೇರಿಗೆ ಬೆಂಗಳೂರಿಗೆ ಕಳಿಸಿದೆ. ಅಲ್ಲಿಯವನು ಫೋನ್ ಮಾಡಿ, "ಏನೂ ಸಿಗಲ್ಲ ಸಾರ್. ಮೂಲೆ ಜಜ್ಜಿದೆ, ಬಿದ್ದಿತ್ತಾ?" ಎಂದು ಕೇಳಿದ. ಇಲ್ಲ ಅಂದೆ. ಕೇಬಲ್ಲಿನವರಿಗೆ ಅವನ ಮೊದಲ ಮಾತನ್ನು ಮಾತ್ರ ತಲುಪಿಸಿದೆ.

ಒಂದು ವರ್ಷದ ಮೇಲೆ ಯಾವುದೋ ಕೆಲಸಕ್ಕೆ ಭದ್ರಾವತಿಗೆ ಹೋಗಿದ್ದೆ. ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದಾಗ ಮೇಸ್ತ್ರಿ ಎದುರಾದರು. ಸೊರಗಿ ಇಳಿದುಹೋಗಿದ್ದರು. ಗ್ರಿಲ್ ವರ್ಕ್‌ಶಾಪುಗಳಲ್ಲಿ ಕೆಲಸ ಕೇಳಿದರಂತೆ. ಕಂಪ್ಯೂಟರಿಗೆ ಸುತ್ತಿಗೆಯಲ್ಲಿ ಹೊಡೆದವರು ಇವರೇ ಎಂಬುದು ಊರಿಗೆಲ್ಲ ಗೊತ್ತಾಗಿತ್ತು. ಹೋದಲ್ಲೆಲ್ಲ ಜನ ಅದನ್ನೇ ಹೇಳಿ ನಗುತ್ತಿದ್ದರಂತೆ. ಈಗ ಯಾರನ್ನೂ ಕೇಳುವುದಿಲ್ಲ, ಮನೆಯಲ್ಲೇ ಇರುತ್ತೇನೆ ಅಂದರು.

"ಸಾರ್, ಒಂದ್ ಮಾತು. ಅವತ್ತು ನಿಮ್ ಅಂಗಡಿ ಹೆಸರು ಕೆಡಿಸ್ಬಿಟ್ಟೆ. ನಿದ್ದೆ ಬರಲ್ಲ ನಂಗೆ. ಕ್ಷಮಿಸಿದೀನಿ ಅಂತ ಒಂದ್ಸಲ ನಿಮ್ ಬಾಯಲ್ಲಿ ಹೇಳ್ಬಿಡಿ," ಎಂದು ನನ್ನ ಕೈ ಹಿಡಿದುಕೊಂಡರು.

ಬಸ್ಸು ಇನ್ನೂ ಬಂದಿರಲಿಲ್ಲ. ಅಕ್ಕಪಕ್ಕ ಗುರುತಿನವರು ಯಾರೂ ಇರಲಿಲ್ಲ. ಹೇಳಬೇಕಾದ್ದು ಒಂದೇ ಒಂದು ವಾಕ್ಯ. ನಾನು ಅವರ ಭುಜ ತಟ್ಟಿ, "ಬಿಡಿ ಮೇಸ್ತ್ರಿ, ಅವತ್ತೇ ಕ್ಷಮಿಸಿದೀನಿ," ಅಂದೆ.

ಅವರು ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡರು. ಅಷ್ಟರಲ್ಲಿ ಬಸ್ಸು ಬಂತು, ಜನ ಮುಗಿಬಿದ್ದರು. "ನೀವ್ ನಿಂತ್ಕೊಂಡ್ ಹೋಗ್ಬಾರ್ದು ಸಾರ್," ಎಂದು ಮೇಸ್ತ್ರಿ ಆ ವಯಸ್ಸಿನಲ್ಲೂ ನುಗ್ಗಾಡಿ, ಹೆಗಲ ಮೇಲಿನ ಟವೆಲ್ಲನ್ನು ಕಿಟಕಿಯಿಂದ ಒಳಗೆ ಹಾಕಿ ನನಗೊಂದು ಸೀಟು ಹಿಡಿದರು. ನಾನು ಟವೆಲ್ಲನ್ನು ಕಿಟಕಿಯಿಂದಲೇ ಅವರಿಗೆ ವಾಪಸ್ಸು ಕೊಟ್ಟು, ಆ ಸೀಟಿನಲ್ಲಿ ಕೂತು ಶಿವಮೊಗ್ಗಕ್ಕೆ ಬಂದೆ.