ಬಳೆಯ ನಿಶಾನಿ

ನಲವತ್ತರ ದಶಕದಲ್ಲಿ ಕುಷ್ಟಗಿಯಿಂದ, ಗಂಗಾವತಿಯಿಂದ, ಯಲಬುರ್ಗಿಯ ಹಳ್ಳಿಗಳಿಂದ ಜನ ಕೊಪ್ಪಳಕ್ಕೆ ಬಂದು ಹುಲಿಗೆಪ್ಪನ ಮನೆ ಕೇಳುತ್ತಿದ್ದರು. ಅವನು ಸಾಹುಕಾರನಲ್ಲ, ವಕೀಲನಲ್ಲ, ಕಚೇರಿಯ ಜವಾನ. ಬಂದವರದು ಒಂದೇ ಮಾತು: “ನಮ್ಮ ಮುತ್ತ್ಯಾ ದಂಡಿನ್ಯಾಗ ಇದ್ನಂತ. ಹಳೇ ದಫ್ತರದಾಗ ಅವನ ಹೆಸರು ಐತೇನು ನೋಡ್ರಿ.” ಹುಲಿಗೆಪ್ಪ ಅವರಿಗೆ ಚರಿಗೆ ನೀರು ಕೊಟ್ಟು ಕೂಡಿಸಿ ಕೇಳುತ್ತಿದ್ದ: “ಮೊದಲ ನಿಮ್ಮ ಮನಿ ಹೆಣ್ಣಮಕ್ಕಳ ಹೆಸರು ಹೇಳ್ರಿ.”

ಬಂದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅಜ್ಜನನ್ನು, ಆ ಮುತ್ತ್ಯಾನನ್ನು, ಹುಡುಕಲು ಹೆಣ್ಣುಮಕ್ಕಳ ಹೆಸರು ಯಾತಕ್ಕೆ? ಇವನಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡು ಎದ್ದುಹೋದವರೂ ಉಂಟು. ಹೋದವರು ಹೋಗಲಿ. ಹುಲಿಗೆಪ್ಪ ಆ ಪ್ರಶ್ನೆ ಕಲಿತ ಬಗೆಯನ್ನು ಹೇಳುತ್ತೇನೆ.

ಅವನ ಊರು ಯಲಬುರ್ಗಿ ಕಡೆಯ ಮಂಗಳೂರು. ಇಪ್ಪತ್ತರ ವಯಸ್ಸಿಗೆ ಕೊಪ್ಪಳಕ್ಕೆ ಬಂದು ಕಚೇರಿ ಸೇರಿದ. ಕೆಂಪು ಅರಿವೆಯಲ್ಲಿ ಕಟ್ಟಿದ ಹಳೆಯ ಕಾಗದದ ಗಂಟುಗಳನ್ನು ಗೋಡೆಯ ಮಾಡದಿಂದ ಇಳಿಸುವುದು, ಧೂಳು ಜಾಡಿಸುವುದು, ಹುಳ ಹಿಡಿಯದಂತೆ ಬೇವಿನ ಎಲೆ ಇಟ್ಟು ಮತ್ತೆ ಕಟ್ಟುವುದು ಅವನ ಕೆಲಸ. ಆ ಗಂಟುಗಳಲ್ಲಿ ಜಮೀನಿನ ಜಗಳಗಳಿದ್ದವು, ಕೋಟೆಯ ಸಿಪಾಯಿಗಳ ಪಟ್ಟಿಗಳಿದ್ದವು, ಯಾರ್ಯಾರದೋ ಸಾವುಗಳಿದ್ದವು. ಎಲ್ಲವೂ ಆಗಿನ ಸರಕಾರದ ಭಾಷೆಗಳಾದ ಫಾರ್ಸಿ, ಉರ್ದುವಿನಲ್ಲಿ. ಹುಲಿಗೆಪ್ಪನಿಗೆ ಕನ್ನಡದ ಅಕ್ಷರವೇ ಅಷ್ಟಕ್ಕಷ್ಟೆ. ಕತ್ತೆಯ ಮೇಲೆ ಪುರಾಣ ಹೇರಿದಂತೆ ಎಂದು ಕಚೇರಿಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಮಾತು ನಿಜವೇ ಆದಾಗ ನಗದೆ ಮತ್ತೇನು ಮಾಡುವುದು?

ಸಾವಿರದ ಒಂಬೈನೂರ ಮೂವತ್ತನಾಲ್ಕರ ಮಾನಾಮಿ ಅಮಾವಾಸ್ಯೆಗೆ ಅವನು ಊರಿಗೆ ಹೋಗಿದ್ದ. ಅಂದು ತೀರಿಹೋದ ಹಿರಿಯರಿಗೆ ಎಡೆ ಇಡುವ ದಿನ. ಒಬ್ಬೊಬ್ಬರ ಹೆಸರು ಕರೆದು ಒಂದೊಂದು ಎಲೆ ಹಾಕಿ, ಹೋಳಿಗೆ, ಬದನೆಕಾಯಿ ಪಲ್ಯ, ಅನ್ನ ಬಡಿಸುತ್ತಾರೆ. ಅವನ ತಾಯಿ ಪಕ್ಕೀರವ್ವ ತನ್ನ ಗಂಡನಿಗೆ ಎಡೆ ಇಟ್ಟಳು. ತನ್ನ ತಾಯಿ ಹೊಳಿಯಮ್ಮನ ಎಡೆಯಲ್ಲಿ ಅರಿಸಿನ ಕುಂಕುಮ, ಹಸಿರು ಬಳೆ ಇಟ್ಟಳು. ಹೊಳಿಯಮ್ಮ ಮುತ್ತೈದೆಯಾಗಿ ಸತ್ತವಳು. ಅದರ ಪಕ್ಕದಲ್ಲಿ ಒಂದು ಎಲೆಯಷ್ಟು ಜಾಗವನ್ನು ಪ್ರತಿ ವರ್ಷದಂತೆ ಸಾರಿಸಿ ಖಾಲಿ ಬಿಟ್ಟಳು. ಅದು ಅವಳ ತಂದೆಯ ಜಾಗ.

ಆ ತಂದೆಯನ್ನು ಅವಳು ಕಂಡೇ ಇರಲಿಲ್ಲ. ಅವಳು ಹೊಟ್ಟೆಯಲ್ಲಿದ್ದಾಗ ಅವನು ಸಿಪಾಯಿಯಾಗಿ ಹೋದ. ತಿರುಗಿ ಬರಲಿಲ್ಲ. ದಂಡು ಬಿಟ್ಟು ಓಡಿಹೋದ, ಹೊಳೆಯ ಆಚೆ ಇನ್ನೊಬ್ಬಳನ್ನು ಇಟ್ಟುಕೊಂಡ ಎಂದು ಊರು ಹೇಳಿತು. ಊರ ಬಾಯಿಗೆ ಬೀಗ ಹಾಕಿದವರುಂಟೆ? ಪಕ್ಕೀರವ್ವ ಅರವತ್ತರ ಹತ್ತಿರ ಬಂದರೂ ಬಾವಿಯ ಕಟ್ಟೆಯಲ್ಲಿ ‘ಓಡಿಹೋದವನ ಮಗಳು’ ಎಂಬ ಹೆಸರು ಅಳಿಸಿರಲಿಲ್ಲ.

“ಸತ್ತವರಿಗೆ ಎಡಿ ಇಡತೀವಿ, ಇದ್ದವರಿಗೆ ಗಂಗಾಳ ಇಡತೀವಿ,” ಎಂದಳು ಅವಳು, ಆ ಖಾಲಿ ಜಾಗ ನೋಡುತ್ತ. “ನಮ್ಮಪ್ಪಗ ಎರಡೂ ಇಲ್ಲ. ನೀ ಕಚೇರ್ಯಾಗ ಅದಿ. ಸತ್ತಾನೋ ಓಡಿ ಹೋಗ್ಯಾನೋ, ಅದೊಂದು ನೋಡಿ ಹೇಳೋ ಯಪ್ಪಾ. ನಾ ಸಾಯೋದ್ರೊಳಗ ಹೇಳು.”

ಎಂದೂ ಏನನ್ನೂ ಕೇಳದ ತಾಯಿ ಕೇಳಿದಳು. ಹುಲಿಗೆಪ್ಪ ಕೈಯ ಹೋಳಿಗೆಯನ್ನು ಕೆಳಗಿಟ್ಟ.

“ಮುತ್ತ್ಯಾನ ಹೆಸರೇನವ್ವಾ?”

“ಗಿಡ್ಡಪ್ಪ ಅಂತಿದ್ರು. ಭಾಳ ಗಿಡ್ಡ ಇದ್ನಂತ. ಬಲಗಿವಿ ಹರಿದಿತ್ತಂತ, ಸಣ್ಣಾಂವ ಇದ್ದಾಗ ಎಮ್ಮಿ ಕರಾ ಕಿವ್ಯಾಗಿನ ಬಳಿ ಜಗ್ಗಿತ್ತಂತ. ಬ್ಯಾರೆ ಊರಿಂದ ಮನಿ ಅಳಿಯ ಆಗಿ ಬಂದಾಂವ. ನಮ್ಮವ್ವ ಎಷ್ಟಂದ್ರೂ ಅವನ ಹೆಸರು ಬಾಯಾಗ ತರತಿದ್ದಿಲ್ಲ.”

ತರುವುದಾದರೂ ಹೇಗೆ? ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ ಕಾಲ.

ಕೊಪ್ಪಳಕ್ಕೆ ಮರಳಿದ ಹುಲಿಗೆಪ್ಪ ದಫ್ತರದ ಮುನ್ಷಿ ಹಂಪಣ್ಣನ ಮುಂದೆ ಕೈಕಟ್ಟಿ ನಿಂತ. ಹಂಪಣ್ಣ ವ್ಯಾಪಾರದ ಮನೆತನದವನು. ಅಂಗಡಿ ಬಿಟ್ಟು ಫಾರ್ಸಿ ಕಲಿತವನು. ಆ ಫಾರ್ಸಿಯ ಹೆಮ್ಮೆ ಅವನ ರುಮಾಲಿಗಿಂತ ಒಂದು ಗೇಣು ಎತ್ತರವಿತ್ತು. ಆದರೂ ಮನುಷ್ಯ ಒಳ್ಳೆಯವನು. ಎಲೆ ಅಡಿಕೆ ಹಾಕಿಕೊಂಡು, “ಆಗಲಿ. ಹುಲಿಯಾ ತೊಗೊಂಡು ಬಾ,” ಎಂದ.

“ನಾನ ಹುಲಿಯಾ ಅಲ್ಲೇನ್ರಿ? ಇಲ್ಲೇ ಅದೀನಲ್ಲ,” ಎಂದ ಹುಲಿಗೆಪ್ಪ.

ಹಂಪಣ್ಣ ನಕ್ಕ ನಗೆಗೆ ಬಾಯೊಳಗಿನ ಎಲೆ ಅಡಿಕೆ ಹೊರಗೆ ಬಿತ್ತು. “ಹುಲಿಯಾ ಅಂದ್ರ ನೀ ಅಲ್ಲೋ ಮಾರಾಯಾ. ಸಿಪಾಯಿಗೋಳ ಚಹರೆ ಪಟ್ಟಿ. ಎತ್ತರ ಎಷ್ಟು, ಬಣ್ಣ ಯಾವುದು, ಮಚ್ಚಿ ಎಲ್ಲಿ ಐತಿ, ಎಲ್ಲಾ ಬರೆದಿರತಾರ.”

ಹತ್ತೊಂಬತ್ತು ವರ್ಷ ತಾನು ಹೊತ್ತ ಗಂಟಿಗೆ ತನ್ನದೇ ಹೆಸರಿದೆ ಎಂಬುದು ಹುಲಿಗೆಪ್ಪನಿಗೆ ಅಂದು ತಿಳಿಯಿತು. ಅವನಿಗೆ ಏನೋ ಶುಭಶಕುನ ಕಂಡಂತಾಯಿತು. ಶಕುನ ಹುಸಿಯಾಯಿತು. ಹಂಪಣ್ಣ ಬಿಡುವಾದಾಗಲೆಲ್ಲ ನೋಡಿ, ಎರಡು ತಿಂಗಳಿಗೆ ಹೇಳಿದ: “ಗಿಡ್ಡಪ್ಪ ಅನ್ನೋ ಸಿಪಾಯಿ ಒಬ್ಬನೂ ಇಲ್ಲ. ಬಿಟ್ಟುಬಿಡು.”

ಬಿಟ್ಟಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಹುಲಿಗೆಪ್ಪ ಬಿಡುವ ಪೈಕಿ ಅಲ್ಲ. ಓದಲು ಬರುವವರು ಕಾಗದವನ್ನು ಬೇಗ ಓದುತ್ತಾರೆ, ಅದಕ್ಕೇ ಅವರಿಗೆ ಏನೋ ತಪ್ಪಿಹೋಗುತ್ತದೆ ಎಂಬ ಗುಮಾನಿ ಅವನಿಗೆ. ತಾನೇ ಓದಬೇಕೆಂದು ಹಠ ಹಿಡಿದ. ಮಸೀದಿ ಓಣಿಯಲ್ಲಿ ಸರ್ದಾರಬೀ ಎಂಬ ಮುದುಕಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ಅವಳ ಪಡಸಾಲೆಯಲ್ಲಿ, ಏಳೆಂಟು ವರ್ಷದ ಹುಡುಗಿಯರ ಸಾಲಿನ ಕೊನೆಗೆ, ನಲವತ್ತರ ಮೀಸೆಯ ಹುಲಿಗೆಪ್ಪ ಪಾಟಿ ಹಿಡಿದು ಕೂತ. ಹುಡುಗಿಯರು ಕಿಸಕ್ಕನೆ ನಕ್ಕರೆ ಸರ್ದಾರಬೀ ಬೆತ್ತ ತೋರಿಸುತ್ತಿದ್ದಳು. ಅವನು ತಪ್ಪಿದಾಗಲೂ ಅದೇ ಬೆತ್ತ.

“ಫೇ ಅನ್ನು.”

“ಪೇ.”

“ಪೇ ಬ್ಯಾರೆ ಐತಿ ಬೇಟಾ. ಪೇಗೆ ಕೆಳಗ ಮೂರು ಚುಕ್ಕಿ. ಇದಕ್ಕ ಮ್ಯಾಲ ಒಂದ ಚುಕ್ಕಿ. ಫೇ.”

“ಚುಕ್ಕಿ ಮ್ಯಾಲಿರಲಿ, ಕೆಳಗಿರಲಿ, ನನ್ನ ಬಾಯಾಗ ಅದು ಪೇನ ಆಗತೈತಿ ಖಾಲಾ.”

ಹುಲಿಗೆಪ್ಪ ಮೂರು ವರ್ಷ ಹೀಗೆ ಕಲಿತ. ಅರ್ಥ ತಿಳಿಯದು, ಅಕ್ಷರ ಕೂಡಿಸಿ ಕೂಡಿಸಿ ಶಬ್ದ ಹೊರಡಿಸುವುದು ಬಂತು. ತನ್ನ ಊರ ಹೆಸರನ್ನು ಮಾತ್ರ ಹೇಳಿ ಬರೆಸಿಕೊಂಡು, ಎಲ್ಲಿ ಕಂಡರೂ ಗುರುತು ಹಿಡಿಯುವಷ್ಟು ತಿದ್ದಿದ್ದ.

ಮೂವತ್ತೇಳರ ಶ್ರಾವಣದಲ್ಲಿ ಆ ತಿದ್ದಿದ್ದು ಫಲ ಕೊಟ್ಟಿತು. ಧೂಳು ಜಾಡಿಸುತ್ತಿದ್ದ ಒಂದು ಗಂಟಿನಿಂದ ನಾಲ್ಕು ಹಾಳೆಯ ಕಾಗದ ಜಾರಿತು. ಮಧ್ಯದಲ್ಲಿ ‘ಮಂಗಳೂರು’ ಎಂದಿತ್ತು. ಹುಲಿಗೆಪ್ಪ ಅದನ್ನು ಎದೆಗೆ ಅವಚಿಕೊಂಡು ಹಂಪಣ್ಣನ ಬಳಿಗೆ ಓಡಿದ.

ಹಂಪಣ್ಣ ಓದಿದ. ಸರಕಾರಿ ಫಸ್ಲಿ ಶಕೆ ಸಾವಿರದಿನ್ನೂರ ಎಂಬತ್ತೊಂಬತ್ತರ ಕಾಗದ. ಅಲ್ಲಿಗೆ ಐವತ್ತೇಳು ವರ್ಷ ಹಳೆಯದು. ಯಲಬುರ್ಗಿಯಿಂದ ಮಂಗಳೂರಿನ ದಾರಿಯಲ್ಲಿ ದಫ್ತರ ತರುತ್ತಿದ್ದಾಗ ಹಿರೇಹಳ್ಳಕ್ಕೆ ನೀರು ಬಂದು ಏಳು ಗಂಟು ಕೊಚ್ಚಿಹೋದವು, ಅದರ ವಿಚಾರಣೆ. ಮೂರು ಹಾಳೆ ತುಂಬ ಗಂಟುಗಳದೇ ಗೋಳು. ಕೊನೆಗೆ ಒಂದು ಸಾಲು.

“ಒಬ್ಬ ಸಿಪಾಯಿ, ಒಬ್ಬ ಫಕೀರ ಮುಳುಗಿ ಸತ್ತರಂತ. ಪಾಪ, ಯಾವನೋ ಭಿಕ್ಷಾ ಬೇಡೋ ಫಕೀರ ದಾರ್ಯಾಗ ಜೋಡಿ ಆಗಿದ್ನೇನೋ. ಸಿಪಾಯಿ ಹೆಸರು ಬರೆದಿಲ್ಲ. ನಿನ್ನ ಗಿಡ್ಡಪ್ಪ ಅಲ್ಲ ಬಿಡು.”

ಹುಲಿಗೆಪ್ಪ ಬಗ್ಗಿ ನೋಡಿದ. ಸಾಲಿನ ತುದಿಯಲ್ಲಿ ಒಂದು ನೆಟ್ಟನೆಯ ಗೀರಿತ್ತು. “ಈ ಕಟಿಗಿ ಏನ್ರಿ?”

“ಅದು ಅಂಕಿ. ಮುಳುಗಿದ ಮಂದಿ ಒಟ್ಟು ಒಂದು ಅಂತ.”

“ಸಿಪಾಯಿ ಒಬ್ಬ, ಪಕೀರ ಒಬ್ಬ. ಕೂಡಿದ್ರ ಎರಡಾಗಬೇಕಲ್ರಿ?”

ಹಂಪಣ್ಣ ಕನ್ನಡಕ ತೆಗೆದು ಒರೆಸಿದ. ಅಷ್ಟರಲ್ಲಿ ಹುಲಿಗೆಪ್ಪ ಬೆರಳಿಟ್ಟು, ಸರ್ದಾರಬೀಯ ಪಡಸಾಲೆಯಲ್ಲಿ ಕೂತವನಂತೆ ಗಟ್ಟಿಯಾಗಿ ಓದತೊಡಗಿದ. “ಸಿ... ಪಾ... ಹಿ. ಪ... ಕೀ... ರ.”

“ಫಕೀರ ಅನ್ನೋ.”

“ಪಕೀರ. ಸಿಪಾಹಿ ಪಕೀರ. ಸಿಪಾಯಿ ಪಕ್ಕೀರ...” ಆ ಶಬ್ದವನ್ನು ಅವನು ಹುಟ್ಟಿದಾಗಿನಿಂದ ಕೇಳುತ್ತಿದ್ದ. ಅದು ಅವನ ತಾಯಿಯ ಹೆಸರು.

ಈ ಸೀಮೆಯಲ್ಲಿ ಮಕ್ಕಳು ಉಳಿಯದಿದ್ದರೆ ದರ್ಗಾಕ್ಕೆ ಹರಕೆ ಹೊರುತ್ತಾರೆ. ಉಳಿದ ಕೂಸಿಗೆ ಕಿವಿ ಚುಚ್ಚಿ ಬಳೆ ಹಾಕಿ, ಪಕ್ಕೀರಪ್ಪ, ಪಕ್ಕೀರವ್ವ ಎಂದು ಕರೆಯುತ್ತಾರೆ. ಓಣಿಗೆ ಇಬ್ಬರಾದರೂ ಸಿಗುತ್ತಾರೆ. ಹಂಪಣ್ಣನ ಹೊಲದ ಆಳೇ ಒಬ್ಬ ಪಕ್ಕೀರಪ್ಪ. ಆದರೆ ಹಂಪಣ್ಣ ಫಾರ್ಸಿ ಓದುವಾಗ ಕನ್ನಡ ಮರೆಯುತ್ತಿದ್ದ. ಬರೆದವನೂ ಹಾಗೆಯೇ, ಪಕ್ಕೀರಪ್ಪನ ‘ಅಪ್ಪ’ನನ್ನು ಕೈಬಿಟ್ಟು ಫಕೀರ ಎಂದು ಗೀಚಿದ್ದ. ಸತ್ತವರು ಇಬ್ಬರಲ್ಲ. ಪಕ್ಕೀರ ಎಂಬ ಒಬ್ಬ ಸಿಪಾಯಿ.

ಇಬ್ಬರೂ ಹುಲಿಯಾ ಗಂಟನ್ನು ಮತ್ತೆ ಬಿಚ್ಚಿದರು. ಸಂಜೆಯ ಹೊತ್ತಿಗೆ ಸಿಕ್ಕಿತು: ಫಕೀರ, ಸಿಪಾಯಿ, ಇರುವುದು ಮಂಗಳೂರು, ಎತ್ತರ ಕಡಿಮೆ, ಬಲಗಿವಿ ಹರಿದದ್ದು.

ಹುಲಿಗೆಪ್ಪ ನೆಲದ ಮೇಲೆ ಕೂತು ಅತ್ತ. ಕಾಣದ ಮುತ್ತ್ಯಾನಿಗಾಗಿ ಅಷ್ಟು ಅಳು ಎಲ್ಲಿತ್ತೋ! ಊರಿಗೆ ಹೋಗುವಾಗಲೆಲ್ಲ ಅವನು ಅದೇ ಹಳ್ಳವನ್ನು, ಚಪ್ಪಲಿ ಕೈಯಲ್ಲಿ ಹಿಡಿದು, ದಾಟಿದ್ದ.

“ಹಿಂದಿನ ಹಾಳಿಗೆ ಒಂದು ಐದು ಐತಿ ನೋಡು,” ಎಂದ ಹಂಪಣ್ಣ, ಮಾತು ತಿರುಗಿಸಲು. ಫಾರ್ಸಿಯಲ್ಲಿ ಐದರ ಅಂಕಿ ದುಂಡಗಿರುತ್ತದೆ. “ಅದು ಏನು ಐದೋ ತಿಳಿಯವಲ್ದು.”

ಹುಲಿಗೆಪ್ಪ ಕಣ್ಣೊರೆಸಿಕೊಂಡು ನೋಡಿದ. ದುಂಡಗೇನೋ ಇತ್ತು, ಆದರೆ ಲೇಖನಿ ಹಿಡಿದು ಬಲ್ಲ ಕೈ ಅದಲ್ಲ. ಎರಡು ಕಡೆ ಸೊಟ್ಟ, ಒಂದು ಕಡೆ ಕಾಗದ ಮಸಿ ಕುಡಿದಿತ್ತು. ಓದು ಬಾರದವರು ಸಹಿಯ ಬದಲು ಏನು ಬರೆಯುತ್ತಾರೆಂದು ಅವನಿಗೆ ಮುನ್ಷಿಗಿಂತ ಚೆನ್ನಾಗಿ ಗೊತ್ತಿತ್ತು. ಒಕ್ಕಲಿಗ ನೇಗಿಲು ಬರೆಯುತ್ತಾನೆ. ಹೆಂಗಸು ಬಳೆ ಬರೆಯುತ್ತಾಳೆ.

“ಐದಲ್ರಿ ಇದು,” ಎಂದ. “ಬಳಿ.”

ಹಂಪಣ್ಣ ಪಕ್ಕದ ಸಣ್ಣ ಅಕ್ಷರಗಳಿಗೆ ಮೂಗು ತಾಗಿಸಿ ಓದಿದ. ಸತ್ತವನ ಹೆಂಡತಿಗೆ ಸುದ್ದಿ ಓದಿ ತಿಳಿಸಲಾಯಿತು, ಅವಳ ನಿಶಾನಿ.

ಹಾಗಾದರೆ ಅಜ್ಜಿಗೆ ಗೊತ್ತಿತ್ತು! ಗಂಡ ಸತ್ತನೆಂದು ತಿಳಿದೂ, ಕಾಗದದ ಮೇಲೆ ಬಳೆ ಬರೆದು ಬಂದವಳು, ಕೈಯ ಬಳೆ ಒಡೆಯಲಿಲ್ಲ. ಸಾಯುವವರೆಗೂ ಓಡಿಹೋದವನ ಹೆಂಡತಿ ಎನ್ನಿಸಿಕೊಂಡು ಬಾಳಿದಳು. ಯಾಕೆ? ಇದನ್ನು ಅವ್ವನಿಗೆ ಹೇಳುವುದೋ ಬೇಡವೋ?

ಮಾನಾಮಿ ಅಮಾವಾಸ್ಯೆಯ ದಿನ ಹೇಳಿದ. ಎಲೆ ಹಾಕಿ ಆಗಿತ್ತು. ಎಡೆಗೆ ಅನ್ನ ಬಡಿಸಲು ಬಂದ ನೆರೆಮನೆಯ ಗಾಳೆಮ್ಮನೂ ಅಲ್ಲೇ ಇದ್ದಳು. ಪಕ್ಕೀರವ್ವ ಪೂರ್ತಿ ಕೇಳಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ನನಗ ಐದು ವರ್ಷದ ತನಕ ಹೆಸರ ಇದ್ದಿಲ್ಲ,” ಎಂದಳು. “ಎಲ್ಲಾರೂ ಕೂಸು, ಕೂಸು ಅಂತಿದ್ರು. ‘ಅವರಪ್ಪ ಬರಲಿ, ಆಮ್ಯಾಲ ಹೆಸರಿಡೋಣು’ ಅಂತಿದ್ಲಂತ ನಮ್ಮವ್ವ. ಒಂದಿನ ಎಲ್ಲಿಗೋ ಹೋಗಿ ಬಂದಾಕಿ, ಯಾರನ್ನೂ ಕೇಳದ ಪಕ್ಕೀರವ್ವ ಅಂತ ಕರೆದ್ಲು.”

ಇದ್ದವರ ಹೆಸರನ್ನು ಕೂಸಿಗೆ ಇಡುವುದಿಲ್ಲ. ಸತ್ತವರ ಹೆಸರನ್ನು ಇಡುತ್ತಾರೆ. ಅದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

“ನಮ್ಮ ಸೋದರಮಾವಂದಿರು ಎರಡು ಸಲ ಬಂದಿದ್ರು, ಇನ್ನೊಬ್ಬಗ ಉಡಿಕಿ ಮದಿವಿ ಮಾಡಿ ಕೊಡತೀವಿ ಅಂತ,” ಎಂದಳು ಪಕ್ಕೀರವ್ವ. “ಅವ್ವ ಬಳಿ ತೋರಿಸಿ, ‘ನನ್ನ ಗಂಡ ಬದುಕ್ಯಾನ, ಬರತಾನ’ ಅಂತ ಕಳಿಸಿದ್ಲು. ಬ್ಯಾರೆಯವನ ಮನಿಗೆ ಹೋಗಬಾರದಂತ ಸುಳ್ಳು ಹೇಳ್ಯಾಳ. ಊರಾಗ ಮಾನ ಕಳಕೊಂಡ್ರೂ ಹೇಳ್ಯಾಳ. ಮುಂಜಾನಿ ಸಂಜಿ ಬಾಗಿಲಾಗ ನಿಂತು, ಪಕ್ಕೀರವ್ವಾ, ಪಕ್ಕೀರವ್ವಾ ಅಂತ ಓಣಿಗೆಲ್ಲಾ ಕೇಳೋ ಹಂಗ ಕೂಗತಿದ್ಲು. ನಾ ಪಕ್ಕದಾಗ ಕೂತಿದ್ರೂ ಕೂಗತಿದ್ಲು. ನನ್ನ ಕರಿಯಾಕ ಹತ್ಯಾಳ ಅಂತ ನಾ ಸಿಟ್ಟಿಗೇಳತಿದ್ದೆ.” ಅವಳು ಖಾಲಿ ಜಾಗದ ಕಡೆ ತಿರುಗಿದಳು. “ಬಗಲಾಗ ಕೂಸು ಇಟಗೊಂಡು ಊರೆಲ್ಲಾ ಹುಡುಕಿದೆವಲ್ಲೋ ಯಪ್ಪಾ.”

ಅವಳು ಎದ್ದು ಖಾಲಿ ಜಾಗದಲ್ಲಿ ಎಲೆ ಹಾಕಿದಳು. ಹೋಳಿಗೆ ಇಟ್ಟಳು, ತುಪ್ಪ ಸುರಿದಳು. “ಯಪ್ಪಾ, ಪಕ್ಕೀರಪ್ಪಾ, ಬಾ, ಉಣ್ಣು,” ಎಂದು ಕರೆದಳು. ಅರವತ್ತು ವರ್ಷಕ್ಕೆ ಅದು ಅವಳ ಮೊದಲ ಕರೆ.

ಗಾಳೆಮ್ಮ ಸಂಪ್ರದಾಯದ ಹೆಂಗಸು. ಮೆಲ್ಲಗೆ ಕೆಮ್ಮಿದಳು. “ಹಂಗಾರ ಯಕ್ಕಾ, ನಿಮ್ಮವ್ವ ಮುತ್ತೈದಿ ಆಗಿ ಸತ್ತಂಗ ಆಗಲಿಲ್ಲ. ಆಕಿ ಎಡಿಗೆ ಇನ್ನ ಬಳಿ ಇಡಬಾರದು ನೋಡು.”

ಪಕ್ಕೀರವ್ವ ತಾಯಿಯ ಎಲೆಯ ಮುಂದೆ ಕೂತಳು. ಹಸಿರು ಬಳೆಗಳ ಕಟ್ಟು ಅವಳ ಮಡಿಲಲ್ಲೇ ಇತ್ತು.

“ಸರಕಾರದ ಕಾಗದದ ಮ್ಯಾಲೇ ಬಳಿ ಬರೆದು ಬಂದಾಳ ಗಾಳೆಮ್ಮಾ,” ಎಂದಳು ಅವಳು. “ನಾ ಯಾರು ತೆಗಿಯಾಕಿ?”

ಪ್ರತಿ ವರ್ಷ ಆರು ಬಳೆ ಇಡುತ್ತಿದ್ದಳು. ಆ ವರ್ಷ ಹನ್ನೆರಡು ಇಟ್ಟಳು.