ನಾನು ಹೊಳೆಗೆ ಜಿಗಿಯದ ದಿನ

ರಾಫ್ಟಿಂಗ್ ಗೈಡ್ ತರಬೇತಿಯ ಮೊದಲ ಎರಡು ವಾರಗಳಲ್ಲಿ ನಾನು ಮೂರು ಸಲ ಹೊಳೆಗೆ ಜಿಗಿದೆ, ಮೂರೂ ಸಲ ಬೈಸಿಕೊಂಡೆ. ಮುಳುಗುವವರನ್ನು ಎತ್ತಿ ತಂದವಳಿಗೆ ಬೈಗುಳವೇ? ಇದ್ಯಾವ ಸೀಮೆಯ ನ್ಯಾಯ? ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇರುತ್ತದೆ. ಆ ದಿನಗಳಲ್ಲಂತೂ ಅದು ಅಲ್ಲಿಂದ ಇಳಿಯಲೇ ಇಲ್ಲ.

ನಮ್ಮ ಮನೆ ಇರುವುದು ಕಂಪ್ಲಿಯ ಹೊಳೆದಂಡೆಯಲ್ಲಿ. ಅಪ್ಪ ಹರಿಗೋಲು ನಡೆಸುವವನು. ಬಿದಿರಿನ ಆ ದುಂಡು ಬುಟ್ಟಿಯಲ್ಲಿ ಜನ, ಬಾಳೆಗೊನೆ, ಒಮ್ಮೊಮ್ಮೆ ಬೈಕು, ಎಲ್ಲವನ್ನೂ ಆಚೆ ದಡ ಮುಟ್ಟಿಸಿದವನು. ಯಾರಾದರೂ ಆಯತಪ್ಪಿ ಬಿದ್ದರೆ ಅಪ್ಪ ಹಿಂದೆ ಮುಂದೆ ನೋಡುತ್ತಿರಲಿಲ್ಲ, ಹುಟ್ಟು ಬಿಟ್ಟು ದುಡುಮ್ಮನೆ ಜಿಗಿಯುತ್ತಿದ್ದ. ಸೆಳವಿಲ್ಲದ ನೀರಿನಲ್ಲಿ ಹರಿಗೋಲು ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ನಿಧಾನಕ್ಕೆ ತಿರುಗುತ್ತಿರುತ್ತದೆ. ಅದನ್ನು ನೋಡಿಯೇ ಬೆಳೆದ ನನಗೂ ಜಿಗಿಯುವುದು ಮೈಗೂಡಿಬಿಟ್ಟಿತ್ತು.

ಆದರೆ ರಾಫ್ಟ್ ಎಂಬ ಗಾಳಿ ತುಂಬಿದ ರಬ್ಬರ್ ದೋಣಿ ಹರಿಗೋಲಲ್ಲ. ಡ್ಯಾಮಿನಿಂದ ನೀರು ಬಿಟ್ಟಾಗ ಹಂಪಿಯ ಬಂಡೆಗಳ ಸಂದಿಯಲ್ಲಿ ಹೊಳೆ ನೊರೆ ಕಾರುತ್ತಾ ಓಡುತ್ತದೆ. ಗೈಡ್ ಆದವಳು ಹಿಂದೆ ಕುಳಿತು ಪ್ಯಾಡಲ್ ಎಂಬ ಹುಟ್ಟಿನಿಂದ ದಿಕ್ಕು ಹಿಡಿಯಬೇಕು, ಮುಂದಿರುವ ಆರು ಜನರಿಗೆ ಕೂಗಿ ಕೂಗಿ ಹೇಳಬೇಕು. ಮೊದಲ ಸಲ ನೀರಿಗೆ ಬಿದ್ದವನು ನನ್ನ ಜೊತೆಯೇ ತರಬೇತಿಗೆ ಸೇರಿದ್ದ ಚೋರನೂರಿನವನು. ಮೊದಲು ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದವನು. ನಾನು ಜಿಗಿದು, ಅವನ ಲೈಫ್ ಜಾಕೆಟ್ಟಿನ ಕುತ್ತಿಗೆ ಹಿಡಿದು ದಡಕ್ಕೆ ಎಳೆದು ತಂದು, ಸೊಂಟದ ಮೇಲೆ ಕೈಯಿಟ್ಟು ನಿಂತೆ. ಚಪ್ಪಾಳೆ ಬೀಳುತ್ತದೆ ಅಂದುಕೊಂಡಿದ್ದೆ. ತಿರುಗಿ ನೋಡಿದರೆ ರಾಫ್ಟ್ ಬಂಡೆಗೆ ಅಡ್ಡ ಸಿಕ್ಕಿಕೊಂಡಿದೆ, ಉಳಿದ ಐವರು ಕಾಗೆಗಳ ಹಾಗೆ ಬಂಡೆಯ ಮೇಲೆ ಕುಳಿತಿದ್ದಾರೆ!

ದಾಂಡೇಲಿಯಿಂದ ಬಂದಿದ್ದ ನಮ್ಮ ತರಬೇತುದಾರರು ಗದರುವವರಲ್ಲ. ಮೆತ್ತಗೆ ಮಾತಾಡಿಯೇ ಚರ್ಮ ಸುಲಿಯುವವರು. "ಒಬ್ಬರನ್ನ ಉಳಿಸಿದ್ರಿ, ಸಂತೋಷ. ಈ ಐದು ಜನರನ್ನ ಯಾರಿಗೆ ಬಿಟ್ಟು ಹೋದ್ರಿ?" ಎಂದರು. ಬಿದ್ದವರಿಗೆ ಒಂದು ತುದಿ ಕೈಯಲ್ಲಿಟ್ಟುಕೊಂಡು ಹಗ್ಗ ತುಂಬಿದ ಚೀಲ ಎಸೆಯಬೇಕು, ಗೈಡ್ ಮಾತ್ರ ರಾಫ್ಟ್ ಬಿಡಬಾರದು ಎಂದು ಅವರು ಮೊದಲ ದಿನವೇ ಹೇಳಿದ್ದರು. ಅದು ಕಿವಿಗೆ ಬಿದ್ದಿತ್ತು, ಕಾಲಿಗೆ ಮುಟ್ಟಿರಲಿಲ್ಲ. ಮೂರನೆಯ ಸಲವೂ ಜಿಗಿದಾಗ ಅವರು, "ಪರೀಕ್ಷೆಯಲ್ಲೂ ಹೀಗೇ ಮಾಡಿದ್ರೆ ಸರ್ಟಿಫಿಕೇಟ್ ಸಿಗಲ್ಲ. ಕಂಪ್ಲಿ ಬಸ್ಸು ಹತ್ತಿಬಿಡಿ" ಎಂದರು.

ಸರ್ಟಿಫಿಕೇಟ್ ಇಲ್ಲದಿದ್ದರೆ ಚಿತ್ತವಾಡ್ಗಿಯ ಟೈಲರ್ ಅಂಗಡಿಯೇ ಗತಿ. ಮೂರು ವರ್ಷ ಅಲ್ಲಿ ಕುಳಿತು ಕಂಡವರ ಅಂಗಿಗೆಲ್ಲ ಗುಂಡಿ ಹಚ್ಚಿದ್ದೆ. ಹೊಳೆಯ ಮಗಳು ಫ್ಯಾನಿನ ಕೆಳಗೆ ಒಣಗಿಹೋಗಿದ್ದೆ. ಮತ್ತೆ ಅಲ್ಲಿಗೆ ಹೋಗಲಾರೆ ಎಂದು ಹಟ ಹಿಡಿದೆ. ರಜೆಗೆ ಊರಿಗೆ ಹೋದಾಗ ಅಂಗಳದಲ್ಲಿ ಕೊಡವಿಟ್ಟು, ದಿನವಿಡೀ ಅದಕ್ಕೆ ಹಗ್ಗದ ಚೀಲ ಎಸೆದೆ. ಒಂದು ಕೊಡದ ಮೇಲೆ ಬಿದ್ದರೆ ಮೂರು ಕರುವಿನ ಬೆನ್ನ ಮೇಲೆ ಬೀಳುತ್ತಿದ್ದವು. "ಏನ್ ಹುಚ್ಚ ಹಿಡದೈತಲೇ ನಿನಗ? ಕರಾ ಬೆದರಿ ಮೇವ ಬಿಟ್ಟೈತಿ" ಎಂದು ಅವ್ವ ಪೊರಕೆ ಎತ್ತಿಕೊಂಡೇ ಬಂದಳು.

ಕೊನೆಯ ಪರೀಕ್ಷೆಗೆ ಈಜು ಬಲ್ಲ ಮನೆಯವರೊಬ್ಬರನ್ನು ಕರೆತರಬಹುದು ಎಂದರು ತರಬೇತುದಾರರು. ಅಪ್ಪ ಬಂದ. ರಾಫ್ಟನ್ನು ಬೆರಳಿನಿಂದ ಒತ್ತಿ ನೋಡಿ, "ಗಾಳಿ ತುಂಬಿದ ಚೀಲ! ಇದರಾಗ ಕುಂತು ಹೊಳಿ ದಾಟ್ತೀರೇನು?" ಎಂದು ನಕ್ಕ. ಜಾಕೆಟ್ ಕೊಟ್ಟರೆ, "ನನಗ್ಯಾಕಲೇ? ಬ್ಯಾಡ" ಎಂದ. "ಹಾಕ್ಕೊಳ್ಳಲಿಲ್ಲಂದ್ರ ಹತ್ತಬ್ಯಾಡ" ಎಂದೆ. ಗೊಣಗುತ್ತಲೇ ಹಾಕಿಕೊಂಡ. ಬಿದ್ದರೆ ಅಂಗಾತ ಮಲಗಬೇಕು, ಕಾಲು ಮೇಲೆತ್ತಬೇಕು, ಹಗ್ಗ ಎದೆಗವಚಿಕೊಳ್ಳಬೇಕು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದರೆ ಅಪ್ಪ ಆಕಾಶ ನೋಡುತ್ತಾ ಎಲೆಯಡಿಕೆ ಜಗಿಯುತ್ತಿದ್ದ.

ಹೊರಟ ಮೇಲಂತೂ ಗೈಡ್ ನಾನೋ ಅವನೋ ತಿಳಿಯದಾಯಿತು. "ಎಡಕ್ಕ ಹೊಳ್ಳಸಲೇ! ಅಲ್ಲಿ ಕಲ್ಲೈತಿ!" ಎಂದು ಒಂದೇ ಸಮನೆ ಕೂಗು. ತರಬೇತುದಾರರು ಪಕ್ಕದಲ್ಲಿ ಕಯಾಕ್ ಎಂಬ ಒಬ್ಬರೇ ಕೂರುವ ಪುಟ್ಟ ದೋಣಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. "ಅಪ್ಪಾ, ಕಾಲು ಒಳಗ ಸಿಗಿಸು" ಎಂದು ಎರಡು ಸಲ ಹೇಳಿದೆ. ಕೇಳಲಿಲ್ಲ. ಹರಿಗೋಲಿನಲ್ಲಿ ಕೂರುವಂತೆ ರಾಫ್ಟಿನ ಅಂಚಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ. ಮೂರನೆಯ ಇಳಿಜಾರಿನಲ್ಲಿ ರಾಫ್ಟ್ ಎಗರಿತು. ಅಪ್ಪ ಕುಳಿತ ಭಂಗಿಯಲ್ಲೇ ಹೊಳೆಗೆ ಬಿದ್ದ.

ನನ್ನ ಒಂದು ಮೊಣಕಾಲು ಆಗಲೇ ಅಂಚಿನ ಮೇಲಿತ್ತು. ಅಪ್ಪ ಕಣ್ರೀ, ಬೇರೆ ಯಾರೋ ಅಲ್ಲ! ಆಗ ಐದು ಮುಖಗಳು ನನ್ನ ಕಡೆ ತಿರುಗಿದವು. ಮುಂದೆ ಬಂಡೆ ಬರುತ್ತಿತ್ತು. ಚೋರನೂರಿನವನು, "ಯಕ್ಕಾ, ಕುಂದ್ರು!" ಎಂದು ಕಿರುಚಿದ. ನಾನು ಕುಳಿತೆ. "ಎಲ್ಲರೂ ಹಿಂದಕ್ಕ ಹೊಡೀರಿ! ಜಲ್ದಿ!" ಎಂದು ಕೂಗಿ, ರಾಫ್ಟನ್ನು ಬಂಡೆಯಿಂದ ತಪ್ಪಿಸಿ, ಹಗ್ಗದ ಚೀಲ ಎಸೆದೆ. ಜೀವಮಾನದಲ್ಲಿ ಅಷ್ಟು ನೇರವಾಗಿ ನಾನು ಏನನ್ನೂ ಎಸೆದಿರಲಿಲ್ಲ.

ತುಂಬಿದ ಹೊಳೆಯನ್ನು ಈಜಿ ದಾಟಿದ ಗಂಡಸು ಅಪ್ಪ. ಎಂಟು ಕೈ ಬೀಸಿದ್ದರೆ ದಡ ಸೇರುತ್ತಿದ್ದ. ಆದರೆ ಅವನು ಈಜಲಿಲ್ಲ. ಅಂಗಾತ ತಿರುಗಿ, ಕಾಲು ಮೇಲೆತ್ತಿ, ಹಗ್ಗವನ್ನು ಎದೆಗೆ ಅವಚಿಕೊಂಡು ಮಲಗಿದ, ಬೆಳಿಗ್ಗೆ ನಾನು ಹೇಳಿದ್ದನ್ನು ಒಂದೂ ಬಿಡದಂತೆ. ಜಾಕೆಟ್ಟಿನ ಹೆಗಲುಪಟ್ಟಿ ಹಿಡಿದು ಅವನನ್ನು ಒಳಗೆ ಎಳೆದುಕೊಂಡೆವು. ಕಯಾಕಿನಿಂದ ತರಬೇತುದಾರರು ಪ್ಯಾಡಲ್ಲನ್ನು ತಲೆಯ ಮೇಲೆತ್ತಿ ಕುಣಿಸಿದರು. ಅದು ನಾನು ಪಾಸಾದೆ ಎಂಬ ಸನ್ನೆ.

ಅಪ್ಪ ನೀರು ಉಗುಳಿ ನನ್ನನ್ನೇ ನೋಡಿದ. "ಜಿಗೀಲಿಲ್ಲ ನೀನು."

"ಇಲ್ಲಪ್ಪ" ಎಂದೆ. ಅಳು ಬಂತು, ನಗುವೂ ಬಂತು.

ಅಪ್ಪ ತಾನಾಗಿಯೇ ಕೆಳಗಿಳಿದು ಕಾಲು ಒಳಗೆ ಸಿಗಿಸಿ ಕುಳಿತ. ಬಿದ್ದಿದ್ದ ಪ್ಯಾಡಲ್ ಎತ್ತಿಕೊಂಡು, "ಈಗೇನು ಮಾಡ್ಲಿ, ಹೇಳು ಯವ್ವಾ" ಎಂದ.

"ಮುಂದಕ್ಕ ಹೊಡಿಯಪ್ಪ" ಎಂದೆ. ಅಪ್ಪ ಹೊಡೆದ.