ತೋಳಿನ ಗುಂಡಿ

ಮೊನ್ನೆ ಶನಿವಾರ ಗುಂಡಿಗಳ ಡಬ್ಬಿಯನ್ನು ಮಂಚದ ಮೇಲೆ ಸುರುವಿದಾಗ ಮಿಷನ್ ಎಣ್ಣೆಯ ವಾಸನೆಯ ಜೊತೆಗೆ ಆ ಬಿಳಿ ಗುಂಡಿಯೂ ಹೊರಬಿತ್ತು. ನಾಲ್ಕು ತೂತಿನ, ಸಾದಾ ಅಂಗಿಯ ಗುಂಡಿ. ಕೈ ಅಲ್ಲಿಯೇ ನಿಂತಿತು. ಮಾಸ್ತರು ನೆನಪಾದರು...

ಶಿಕಾರಿಪುರದಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಅವರ ಟೇಲರ್ ಅಂಗಡಿ ಇತ್ತು. ಅವರ ಊರು ಸೊರಬ. ಹೊಲಿದ ಅಂಗಿಗಳನ್ನು ಹಿತ್ತಿಲ ಗೋಡೆಯ ಮೇಲಿಂದ ಕೊಡುತ್ತಿದ್ದರು. ನಾನು ಮನೆಗೆಲಸದ ನಡುವೆ ಗುಂಡಿ ತೂರಿಸುವ ಕಾಜಾ ಮಾಡಿ, ಗುಂಡಿ ಹಚ್ಚಿ ವಾಪಸು ಕೊಡುತ್ತಿದ್ದೆ. ನಾವು ತೊಗರ್ಸಿ ಮಲ್ಲಿಕಾರ್ಜುನನ ಒಕ್ಕಲು, ಅವರು ಚರ್ಚಿಗೆ ಹೋಗುವವರು. ಅವರ ಆ ಸಣ್ಣ ಸಭೆಯಲ್ಲಿ ಯಾರು ತೀರಿಕೊಂಡರೂ ಮಾಸ್ತರು ಟೇಪು ಹಿಡಿದು ಹೋಗಿ, ಅಳತೆ ತೆಗೆದು, ಹೊಸ ಬಟ್ಟೆ ಹೊಲಿದು ಕೊಡುತ್ತಿದ್ದರು. ಸತ್ತವರಿಗೆ ಟ್ರಯಲ್ ಬೇರೆ ನೋಡುತ್ತಾರೇನೋ ಎಂದು ನಮ್ಮತ್ತೆ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಹೆಸರು ಗೊತ್ತಿಲ್ಲದ ಕೂಲಿಯವನೊಬ್ಬ ಸತ್ತ. ಹುಡುಕಿಕೊಂಡು ಯಾರೂ ಬರಲಿಲ್ಲ. ಕೊನೆಗೆ ಸಭೆಯವರೇ ತಮ್ಮ ಜಾಗದಲ್ಲಿ ಮಣ್ಣು ಮಾಡಲು ಮುಂದಾದರು. ಅವನ ಅಂಗಿ ನನ್ನ ಕೈಗೆ ಬಂದಾಗ ಒಲೆಯ ಮೇಲೆ ಅನ್ನವಿತ್ತು. ಮೇಲಿನ ಎರಡು ಕಾಜಾ ಮಾಡಿದೆ. ಉಳಿದ ಗುಂಡಿಗಳನ್ನು ಕಾಜಾ ಇಲ್ಲದೆ ಪಟ್ಟಿಯ ಮೇಲೆ ಬರೀ ತೋರಿಕೆಗೆ ಹೊಲಿದುಬಿಟ್ಟೆ.

ಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಮಣ್ಣಿಗೆ ಹೋಗುವ ಅಂಗಿ ತಾನೇ ಎಂದೆ. ಅವರು ಬೈಯಲಿಲ್ಲ.

"ಸತ್ತೋರೆಲ್ಲ ಒಂದಿನ ಏಳ್ತಾರವ್ವಾ, ಇವ್ನೂ ಏಳ್ತಾನೆ. ಎದ್ದು ಗುಂಡಿ ಹಾಕ್ಕಳಾಕೆ ಹೋದ್ರೆ ಕಾಜಾನೇ ಇಲ್ಲ ಅಂದ್ರೆ ಹೆಂಗೆ? ಇಷ್ಟು ದಿನ ಇವನ್ನ ಯಾರೂ ಕೇಳಿಲ್ಲ. ಅವತ್ತಾದ್ರೂ ನೆಟ್ಟಗೆ ನಿಲ್ಲಲಿ."

ಬ್ಲೇಡಿನಿಂದ ಒಂದೊಂದೇ ಗುಂಡಿ ಬಿಚ್ಚಿ ನನ್ನ ಅಂಗೈಗೆ ಹಾಕಿದರು. ಅನ್ನ ತಳ ಹಿಡಿಯಿತು. ನಾನು ಎಲ್ಲ ಕಾಜಾ ಮುಗಿಸಿಯೇ ಎದ್ದೆ.

ಇಂಥವರನ್ನು ದುಃಖ ಅಲ್ಲಾಡಿಸುವುದಿಲ್ಲ ಅಂದುಕೊಂಡಿದ್ದೆ. ಅವರ ಹೆಂಡತಿ ತೀರಿಕೊಂಡಾಗ ಆಕೆಯ ರವಿಕೆಯನ್ನೂ ತಾವೇ ಹೊಲಿದರು. ಮಿಷನ್ ಸದ್ದು ನಡುನಡುವೆ ನಿಂತುಹೋಗುತ್ತಿದ್ದುದು ಗೋಡೆಯ ಈಚೆ ನನಗೆ ಕೇಳುತ್ತಿತ್ತು. ಆಕೆಯನ್ನು ಸೊರಬದಲ್ಲಿ ಮಣ್ಣು ಮಾಡಿದರು. ಮುಂದಿನ ಈಸ್ಟರ್‌ಗೆ ನಾನೂ ಜೊತೆಗೆ ಹೋಗಿದ್ದೆ. ಅವತ್ತು ಬೆಳಕು ಹರಿಯುವ ಮುಂಚೆ ಸಭೆಯವರೆಲ್ಲ ಸಮಾಧಿಗಳ ನಡುವೆ ಮೇಣದಬತ್ತಿ ಹಚ್ಚಿ, ಯೇಸು ಎದ್ದನೆಂದು ಹಾಡುತ್ತಾರೆ. ಮಾಸ್ತರ ದನಿ ಅರ್ಧಕ್ಕೇ ನಿಂತಿತು.

"ನಂಬಿಕೆ ಐತವ್ವಾ," ಅಂದರು. "ಆದ್ರೂ ಅಳು ಬರ್ತೈತಿ."

ಆಮೇಲೆ ಅಂಗಡಿ ಮುಚ್ಚಿ ಸೊರಬದ ಮಗಳ ಮನೆ ಸೇರಿದರು. ಒಂದು ಬೆಳಿಗ್ಗೆ ಮಗಳ ಫೋನು ಬಂತು. ಅಪ್ಪ ಹೋದರು, ಸಂಜೆಗೆ ಮಣ್ಣು, ಅಂಗಿಯನ್ನು ನನ್ನ ಕೈಯಲ್ಲೇ ಹೊಲಿಸಬೇಕೆಂದು ಹೇಳಿಟ್ಟಿದ್ದರು ಅಂದಳು. ಅಳುತ್ತಲೇ ಅಳತೆ ಹೇಳಿದಳು. ಅವರು ಕಲಿಸಿದ ಹಾಗೆಯೇ ಮನೆಯ ಮಿಷನ್ನಿನಲ್ಲಿ ಅಂಗಿ ಹೊಲಿದು ಕಾಜಾ ಮುಗಿಸಿದೆ. ಗುಂಡಿಗಳನ್ನು ಬಸ್ಸಿನಲ್ಲಿ ಕೂತು ಹಚ್ಚಿದೆ. ಕನ್ನಡಕ ಮತ್ತೆ ಮತ್ತೆ ಮಂಜಾಗುತ್ತಿತ್ತು...

ತುಂಬು ತೋಳಿನ ಅಂಗಿ. ಮಾಸ್ತರಿಗೆ ಚೆನ್ನಾಗಿ ಒಪ್ಪಿತ್ತು. ಮಣ್ಣು ಹಾಕಿ ಮನೆಗೆ ಬಂದು ಚೀಲ ಬಿಚ್ಚಿದರೆ ತಳದಲ್ಲಿ ಒಂದು ಗುಂಡಿ ಉಳಿದಿತ್ತು. ಹಚ್ಚಲು ಮರೆತ ಎಡಗೈ ತೋಳಿನದು. ಕಾಜಾ ಇದೆ, ಗುಂಡಿ ಇಲ್ಲ. ಕೈ ಮಡಿಸಿ ಮಲಗಿಸಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವರ ಮಗಳಿಗೆ ಇವತ್ತಿನವರೆಗೂ ಹೇಳಿಲ್ಲ. ಹೇಳಲು ಬಾಯಿ ಬಂದಿಲ್ಲ.

ಮೊನ್ನೆ ಆ ಗುಂಡಿ ಕಂಡ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಸಂಜೆಯ ಬಸ್ಸಿಗೇ ಸೊರಬಕ್ಕೆ ಹೋದೆ. ಮರುದಿನ ಈಸ್ಟರ್. ಸತ್ತವರು ಏಳುತ್ತಾರೆಂದು ನಂಬುವಷ್ಟು ಗಟ್ಟಿಯವಳು ನಾನಲ್ಲ. ಆದರೂ ಸೂಜಿಗೆ ದಾರ ಪೋಣಿಸಿ, ಗುಂಡಿಯ ಜೊತೆ ಸೆರಗಿನಲ್ಲಿ ಗಂಟು ಹಾಕಿಕೊಂಡು, ಬೆಳಗಿನ ಜಾವ ಸಭೆಯವರ ಜೊತೆ ಮಾಸ್ತರ ಸಮಾಧಿಯ ಎಡಗಡೆಗೆ ನಿಂತೆ. ಹಾಡು ಮುಗಿಯಿತು. ಬಿಸಿಲು ಬಂತು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಚರ್ಚಿನ ಕಡೆ ಹೊರಟರು. ಹುಲ್ಲಿನ ಇಬ್ಬನಿ ಆರುವವರೆಗೂ ನಾನು ಅಲ್ಲೇ ಇದ್ದೆ.

ಮಣ್ಣು ಅಲುಗಲಿಲ್ಲ. ಮಾಸ್ತರು ಇಲ್ಲ ಅನ್ನುವುದು ಅಲ್ಲಿ ನಿಂತಾಗ ಮತ್ತೊಮ್ಮೆ ಗೊತ್ತಾಯಿತು. ಮನೆಗೆ ಬಂದು ಗಂಟು ಬಿಚ್ಚಿದೆ. ಗುಂಡಿಯನ್ನು ಡಬ್ಬಿಗೆ ಹಾಕಲು ಮನಸ್ಸಾಗಲಿಲ್ಲ. ಪೋಣಿಸಿದ ದಾರವನ್ನು ಸೂಜಿಯಿಂದ ತೆಗೆದೂ ಇಲ್ಲ.